ಸ್ನಾಯು ಅಳೆಯಲು ಎಲೆಕ್ಟ್ರೋಡಾ, ಮ್ಯಾಗ್ನೆಟಿಕ್ ಸೆನ್ಸರಾ?

ತಮ್ಮಾ, ಕೈ ಮಡಚಿದರೆ ಮೋಟರ್ ತಿರುಗುವ ಪ್ರಾಜೆಕ್ಟಿಗೆ ಸ್ನಾಯುವಿನ ಸಿಗ್ನಲ್ ಯಾವುದರಲ್ಲಿ ಅಳೆಯಲಿ ಅಂತ ಕೇಳಿದೆಯಲ್ಲ. ಕಲಬುರಗಿಯ ಕಾಲೇಜು ಲ್ಯಾಬಿನಲ್ಲೇ ಪ್ರಾಜೆಕ್ಟ್ ಮುಗಿಸಬೇಕು ಅಂದರೆ ಮೊದಲು ದುಡ್ಡು ನೋಡು. ಇಎಂಜಿ ಅಂದರೆ ಸ್ನಾಯುವಿನ ವಿದ್ಯುತ್ ಸಿಗ್ನಲನ್ನು ಚರ್ಮದ ಮೇಲಿಂದ ಅಳೆಯುವುದು; ಅದರ ಎಲೆಕ್ಟ್ರೋಡ್, ಬೋರ್ಡ್ ಎರಡೂ ಕೆಲವು ಸಾವಿರದಲ್ಲಿ ಸಿಗುತ್ತವೆ. ಕಾಂತಕ್ಷೇತ್ರಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಪುಟಾಣಿ ಮ್ಯಾಗ್ನೆಟಿಕ್ ಸೆನ್ಸರ್, ಅಂದರೆ ಟಿಎಂಆರ್ ಚಿಪ್ ಕೂಡ ಅಂಥ ದುಬಾರಿ ಅಲ್ಲ, ಆದರೆ ಅಸಲಿ ಕಷ್ಟ ಬೇರೆ ಇದೆ: ಸ್ನಾಯುವಿನ ಕಾಂತಕ್ಷೇತ್ರ ಪಿಕೋಟೆಸ್ಲಾ ಲೆಕ್ಕದ್ದು, ಭೂಮಿಯದ್ದು ಸುಮಾರು 40 ಮೈಕ್ರೋಟೆಸ್ಲಾ, ಅಂದರೆ ಲಕ್ಷಾಂತರ ಪಟ್ಟು ಜಾಸ್ತಿ, ಅದರ ಮೇಲೆ ಫ್ಯಾನು, ವೈರಿಂಗಿನ 50 ಹರ್ಟ್ಸ್ ಗದ್ದಲ ಬೇರೆ. ಸಾದಾ ಚಿಪ್‌ಗೆ ಸ್ನಾಯುವಿನ ಈ ಸಣ್ಣ ಸಿಗ್ನಲ್ ಸಿಗುವುದಿಲ್ಲ.

ರುಬಿಡಿಯಂ ಆವಿಯ ಮೇಲೆ ಲೇಸರ್ ಹಾಯಿಸಿ ಕಾಂತಕ್ಷೇತ್ರ ಅಳೆಯುವ ಸೆನ್ಸರ್, ಅಂದರೆ ಓಪಿಎಂ ಇದನ್ನು ಹಿಡಿಯುತ್ತದೆ. ಆದರೆ ಬೆಲೆ ಲಕ್ಷಗಳಲ್ಲಿ, ಮತ್ತೆ ಹೊರಗಿನ ಕಾಂತಕ್ಷೇತ್ರ ಒಳಗೆ ಬಾರದಂತೆ ಶೀಲ್ಡ್ ಮಾಡಿದ ಕೋಣೆಯೂ ಬೇಕು. 1972ರಲ್ಲಿ ಸ್ನಾಯುವಿನ ಕಾಂತಕ್ಷೇತ್ರವನ್ನು ಮೊದಲು ಅಳೆದಾಗ ಬಳಸಿದ ಸ್ಕ್ವಿಡ್ ಎಂಬ ಸೂಪರ್‌ಕಂಡಕ್ಟರ್ ಸೆನ್ಸರಿಗೆ ದ್ರವ ಹೀಲಿಯಂ ಬೇಕಿತ್ತು, ಅದಕ್ಕಿಂತ ಇದು ಸುಲಭ ಬಿಡು.

ಹಾಗಂತ ಎಲೆಕ್ಟ್ರೋಡೂ ಸಾಚಾ ಅಲ್ಲ. ನಮ್ಮ ಮೇ ತಿಂಗಳ ಬಿಸಿಲಿಗೆ ಬೆವರಿ ಅದು ಕಿತ್ತುಬರುತ್ತದೆ, ಸಿಗ್ನಲ್ ಹಾಳಾಗುತ್ತದೆ. ಮ್ಯಾಗ್ನೆಟಿಕ್ ಸೆನ್ಸರಿಗೆ ಚರ್ಮ ಮುಟ್ಟುವ ಗೊಡವೆಯೇ ಇಲ್ಲ, ಗಾಯದ ಮೇಲೆ ಬ್ಯಾಂಡೇಜ್ ಇದ್ದರೂ ನಡೆಯುತ್ತದೆ.

ಕೈ ಮಡಚಿದರೆ ಮೋಟರ್ ತಿರುಗಬೇಕು, ಅಷ್ಟೇ ಅಲ್ವಾ? ಸುಮ್ನೆ ಇಎಂಜಿ ತಗೋ. ಸೆನ್ಸರ್ ಮೇಲೆಯೇ ಮುಂದೆ ಸಂಶೋಧನೆ ಮಾಡುವ ಆಸೆ ಇದ್ದರೆ, ಶೀಲ್ಡ್ ಕೋಣೆ ಇರುವ ದೊಡ್ಡ ಲ್ಯಾಬಿನ ಗೈಡ್ ಒಬ್ಬರನ್ನು ಹಿಡಿದುಕೊಂಡು ಆಮೇಲೆ ಟಿಎಂಆರ್, ಓಪಿಎಂ ಕಡೆ ಹೋಗು.