ಸೆಕೆಂಡ್ ಹ್ಯಾಂಡ್ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಹೆಲಿಕಾಪ್ಟರ್ ಕೊಳ್ಳುವವರೇ, ಗೈರೋ ಯಾವ ಕಡೆ ತಿದ್ದುತ್ತದೆ ಅಂತ ಮೊದಲು ನೋಡಿ

"ಸೆಟಪ್ ಎಲ್ಲಾ ಮುಗಿದಿದೆ ಸರ್, ಬ್ಯಾಟರಿ ಹಾಕಿ ಹಾರಿಸೋದಷ್ಟೇ" ಅಂತ ಯಾರಾದರೂ ಹೆಲಿಕಾಪ್ಟರ್ ಮಾರಿದರೆ ದಯವಿಟ್ಟು ಆ ಮಾತು ನಂಬಬೇಡಿ. ನನಗೆ ಹಾಗೆ ಹೇಳಿ ಕೊಟ್ಟ 450 ಸೈಜಿನ ಹೆಲಿಕಾಪ್ಟರ್‌ನಲ್ಲಿ ಟೇಲ್ ಗೈರೋ (ಮೂತಿ ತಾನಾಗೇ ತಿರುಗದ ಹಾಗೆ ಬಾಲವನ್ನು ತಿದ್ದುವ ಸಾಧನ) ಉಲ್ಟಾ ಕೆಲಸ ಮಾಡುತ್ತಿತ್ತು. ಸರಿಯಾಗಿ ನೆಲ ಬಿಡುವ ಮೊದಲೇ ಅದು ಮುರಿದುಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ ಅನ್ನೋದೊಂದೇ ಸಮಾಧಾನ.

ಕೊಳ್ಳುವಾಗ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಸಮೇತ ಕೊಟ್ಟಿದ್ದರು. ನನ್ನೆದುರೇ ರಡ್ಡರ್ ಸ್ಟಿಕ್ ಆಡಿಸಿ ತೋರಿಸಿದರು. ಬಲಕ್ಕೆ ತಳ್ಳಿದರೆ ಮೂತಿ ಬಲಕ್ಕೆ ತಿರುಗುವ ಹಾಗೆ ಟೇಲ್ ಬ್ಲೇಡ್‌ಗಳು ಹೊರಳುತ್ತಿದ್ದವು, ಎಡಕ್ಕೆ ತಳ್ಳಿದರೆ ಎಡಕ್ಕೆ. ಒಂದು ವಿಷಯ ಮಾತ್ರ ಅವರು ಬಾಯಿಬಿಡಲಿಲ್ಲ. ಹಳೇ ಟೇಲ್ ಸರ್ವೋ (ಟೇಲ್ ಬ್ಲೇಡ್‌ಗಳನ್ನು ಹೊರಳಿಸುವ ಪುಟ್ಟ ಮೋಟರ್) ಕೆಟ್ಟು, ಆ ಜಾಗಕ್ಕೆ ಬೇರೆ ಕಂಪನಿಯ ಸರ್ವೋ ಹಾಕಿದ್ದರು.

ಮೈದಾನದಲ್ಲಿ ಥ್ರಾಟಲ್ ನಿಧಾನಕ್ಕೆ ಏರಿಸಿದೆ. ಸ್ಕಿಡ್‌ಗಳು ಹಗುರಾಗಿ ಹುಲ್ಲಿನ ಮೇಲೆ ಜಾರತೊಡಗಿದವು, ಮೂತಿ ಎಡಕ್ಕೆ ಸರಿಯಿತು. ಬಲ ರಡ್ಡರ್ ಕೊಟ್ಟೆ. ನಿಲ್ಲಲೇ ಇಲ್ಲ, ಗಿರಗಿರ ತಿರುಗಿಬಿಟ್ಟಿತು. ಥ್ರಾಟಲ್ ಹೋಲ್ಡ್ (ಮೋಟರ್ ನಿಲ್ಲಿಸುವ ಸ್ವಿಚ್) ಹಾಕುವಷ್ಟರಲ್ಲಿ ಒಂದು ಸ್ಕಿಡ್ ಹುಲ್ಲಿಗೆ ಸಿಕ್ಕಿಕೊಂಡು ಮಗ್ಗುಲಿಗೆ ಉರುಳಿತು. ಮೇನ್ ಬ್ಲೇಡ್ ನೆಲಕ್ಕೆ ಬಡಿದು, ಬಾಗಿ, ಟೇಲ್ ಬೂಮನ್ನೇ ಹೊಡೆಯಿತು. ಬ್ಲೇಡಿನ ಒಂದು ತುಂಡು ನನ್ನ ಪಕ್ಕ ನಿಂತಿದ್ದ ಗೆಳೆಯನ ಹಿಂದೆ ಹೋಗಿ ಬಿದ್ದಿತ್ತು. ಈ ಸೈಜಿನಲ್ಲಿ ಒಂದು ಬ್ಲೇಡ್ ಸುಮಾರು 325 ಮಿಲಿಮೀಟರ್ ಉದ್ದ. ನಿಮಿಷಕ್ಕೆ 2500 ಸುತ್ತು ಅಂತ ಹಿಡಿದರೂ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಇದು ಆಟಿಕೆ ಅಲ್ಲ.

ಮನೆಗೆ ತಂದು ಬಿಚ್ಚಿ ನೋಡಿದಾಗ ಗೊತ್ತಾಯಿತು. ಗೈರೋ ಇರೋದು ರಿಸೀವರ್‌ಗೂ (ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಹಿಡಿಯುವ ಭಾಗ) ಟೇಲ್ ಸರ್ವೋಗೂ ನಡುವೆ. ನಿಮ್ಮ ಸ್ಟಿಕ್ಕಿನ ಆಜ್ಞೆ, ಗೈರೋ ತಾನೇ ಮಾಡುವ ತಿದ್ದುಪಡಿ, ಎರಡೂ ಸೇರಿ ಸರ್ವೋಗೆ ಹೋಗುತ್ತವೆ. ಹೊಸ ಸರ್ವೋ ಹಳೆಯದಕ್ಕಿಂತ ಉಲ್ಟಾ ತಿರುಗುವಂಥದ್ದಾದರೆ ಎರಡೂ ಉಲ್ಟಾ ಆಗುತ್ತವೆ. ಆಗ ಟ್ರಾನ್ಸ್‌ಮಿಟರ್‌ನಲ್ಲಿ ರಡ್ಡರ್ ಚಾನೆಲ್ ರಿವರ್ಸ್ ಮಾಡಿದರೆ ಸ್ಟಿಕ್ ಮಾತ್ರ ಸರಿಹೋಗುತ್ತದೆ. ಗೈರೋದ ತಿದ್ದುಪಡಿ ಉಲ್ಟಾನೇ ಉಳಿಯುತ್ತದೆ. ಅದಕ್ಕೆ ಗೈರೋದಲ್ಲೇ ಬೇರೆ ರಿವರ್ಸ್ ಸ್ವಿಚ್ ಇದೆ. ಮಾರಿದವರು ಅದನ್ನು ಮುಟ್ಟಿರಲಿಲ್ಲ. ಬೀಳುತ್ತಿರುವವನನ್ನು ಹಿಡಿಯಬೇಕಾದ ಕೈ ಅವನನ್ನೇ ತಳ್ಳಿದ ಹಾಗೆ. ಮೂತಿ ಎಡಕ್ಕೆ ಹೋದಷ್ಟೂ ಗೈರೋ ಇನ್ನಷ್ಟು ಎಡಕ್ಕೇ ನೂಕುತ್ತಿತ್ತು.

ಫೋನ್ ಮಾಡಿ ಕೇಳಿದರೆ ಬಂದ ಉತ್ತರ: "ಸ್ಟಿಕ್ ಆಡಿಸಿದ ಕಡೆಗೇ ಹೋಗ್ತಿತ್ತಲ್ಲ ಸರ್, ಇನ್ನೇನು ನೋಡಬೇಕಿತ್ತು?" ಇದೇ ತಿಳುವಳಿಕೆಯಲ್ಲಿ ಇನ್ನೆಷ್ಟು ಜನ ಹೆಲಿಕಾಪ್ಟರ್ ಮಾರುತ್ತಿದ್ದಾರೋ ಅನ್ನೋದೇ ನನ್ನ ಚಿಂತೆ. ಸ್ಟಿಕ್ ಸರಿ ಇದ್ದ ಮಾತ್ರಕ್ಕೆ ಗೈರೋ ಸರಿ ಇರಬೇಕು ಅಂತೇನಿಲ್ಲ.

ನೋಡುವ ಬಗೆ ಸುಲಭ. ಮೇನ್ ಬ್ಲೇಡ್, ಟೇಲ್ ಬ್ಲೇಡ್ ಎಲ್ಲ ಕಳಚಿಡಿ, ಮೋಟರ್ ವೈರ್‌ಗಳನ್ನೂ ಬಿಡಿಸಿಡಿ. ಆಮೇಲೆ ಆನ್ ಮಾಡಿ, ಗೈರೋ ರೆಡಿಯಾಗುವವರೆಗೆ ಹೆಲಿಕಾಪ್ಟರನ್ನು ಅಲುಗಾಡಿಸಬೇಡಿ. ಬಲ ರಡ್ಡರ್ ಕೊಟ್ಟು ಟೇಲ್ ಸ್ಲೈಡರ್ (ಟೇಲ್ ಬ್ಲೇಡ್‌ಗಳನ್ನು ಹೊರಳಿಸಲು ಅತ್ತಿತ್ತ ಜಾರುವ ಭಾಗ) ಯಾವ ಕಡೆ ಸರಿಯುತ್ತದೆ ಅಂತ ಗಮನವಿಟ್ಟು ನೋಡಿ. ಈಗ ಸ್ಟಿಕ್ ಬಿಟ್ಟು, ಹೆಲಿಕಾಪ್ಟರನ್ನೇ ಕೈಯಲ್ಲಿ ಹಿಡಿದು ಮೂತಿಯನ್ನು ಸರಕ್ಕನೆ ಎಡಕ್ಕೆ ತಿರುಗಿಸಿ. ಸ್ಲೈಡರ್ ಬಲ ರಡ್ಡರ್ ಕೊಟ್ಟಾಗ ಹೋದ ಕಡೆಗೇ ಹೋಗಬೇಕು. ಬೇರೆ ಕಡೆ ಹೋದರೆ ಗೈರೋ ಉಲ್ಟಾ ಇದೆ, ಹಾರಿಸಲೇಬೇಡಿ. ಬಾಲ ಹಿಡಿದು ತಿರುಗಿಸುವವರಿಗೆ ಒಂದು ಮಾತು: ಲೆಕ್ಕ ಯಾವಾಗಲೂ ಮೂತಿಯದ್ದೇ, ಬಾಲ ಅದಕ್ಕೆ ಎದುರು ದಿಕ್ಕಿಗೆ ಹೋಗುತ್ತದೆ. ಇಲ್ಲೇ ಜನ ಗೊಂದಲ ಮಾಡಿಕೊಳ್ಳೋದು.

ಅದೇ ಹೆಲಿಕಾಪ್ಟರ್‌ನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಪೂರ್ತಿ ಎಡ ರಡ್ಡರ್ ಕೊಟ್ಟರೆ ಸ್ಲೈಡರ್ ಕೊನೆಗೆ ಹೋಗಿ ತಾಗುತ್ತಿತ್ತು, ಸರ್ವೋ ಗುಂಯ್ ಅಂತ ಒದ್ದಾಡುತ್ತಿತ್ತು. ಮುಟ್ಟಿದರೆ ಬಿಸಿ. ಗೈರೋದ ಲಿಮಿಟ್ ಇಳಿಸಿ, ತಾಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲುವ ಹಾಗೆ ಮಾಡಬೇಕಿತ್ತು. ಈ ಸದ್ದು ಕೇಳಿಸಿದರೆ ಸುಮ್ನೆ ಬಿಡಬೇಡಿ, ಸರ್ವೋ ಸುಟ್ಟುಹೋಗುತ್ತದೆ.

ಸರ್ವೋ ಬದಲಾಗಿದ್ದರೆ ಪಲ್ಸ್ ಸೆಟ್ಟಿಂಗ್ (ಸರ್ವೋ ನಡುವಿನಲ್ಲಿ ನಿಲ್ಲಲು ಬೇಕಾದ ಸಿಗ್ನಲ್ಲಿನ ಅಳತೆ) ಕೂಡ ನೋಡಿ. ಜಾಸ್ತಿ ಟೇಲ್ ಸರ್ವೋಗಳದ್ದು 1520 ಮೈಕ್ರೋಸೆಕೆಂಡ್, ಕೆಲವು ವಿಶೇಷ ಸರ್ವೋಗಳದ್ದು 760. ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಕೊಟ್ಟರೆ ಸರ್ವೋ ಒಂದು ಕೊನೆಗೆ ಹೋಗಿ ಒತ್ತಿಕೊಂಡು ನಿಲ್ಲುತ್ತದೆ. ಹಾಗೆಯೇ ಡಿಜಿಟಲ್ ಸರ್ವೋಗೆ ಇಟ್ಟ 333 ಹರ್ಟ್ಸ್ (ಸೆಕೆಂಡಿಗೆ 333 ಸಲ ಸಿಗ್ನಲ್ ಕಳಿಸುವ) ವೇಗವನ್ನು ಅನಲಾಗ್ ಸರ್ವೋಗೆ ಕೊಡಬೇಡಿ, ಅದು ತಾಳುವುದಿಲ್ಲ.

ಹೊಸಬರು ಗಾಬರಿಯಾಗುವ ಒಂದು ವಿಷಯ ಇದೆ. ಹೆಡಿಂಗ್ ಹೋಲ್ಡ್ ಮೋಡ್‌ನಲ್ಲಿ (ಮೂತಿ ಇದ್ದ ದಿಕ್ಕನ್ನೇ ಗೈರೋ ಹಿಡಿದಿಡುವ ಮೋಡ್), ಟೇಬಲ್ ಮೇಲೆ ಇಟ್ಟಾಗ, ಸ್ಟಿಕ್ ಬಿಟ್ಟರೂ ಸ್ಲೈಡರ್ ನಡುವಿಗೆ ವಾಪಸ್ ಬರುವುದಿಲ್ಲ. ಅದು ಕೆಟ್ಟಿಲ್ಲ, ಹಾಗೇ ಇರಬೇಕು. ಅದನ್ನು ಟ್ರಿಮ್‌ನಿಂದ (ಸ್ಟಿಕ್ಕಿನ ನಡುಬಿಂದುವನ್ನು ಸ್ವಲ್ಪ ಸರಿಸುವ ಬಟನ್) ಸರಿಮಾಡಲು ಹೋದರೆ ಹಾರುವಾಗ ಟೇಲ್ ತಾನಾಗೇ ಮೆಲ್ಲಗೆ ತಿರುಗುತ್ತಾ ಹೋಗುತ್ತದೆ. ರಡ್ಡರ್ ಟ್ರಿಮ್ ಸೊನ್ನೆಯಲ್ಲಿರಲಿ, ರೆವೊ ಮಿಕ್ಸಿಂಗ್ (ಥ್ರಾಟಲ್ ಏರಿಸಿದಾಗ ಟ್ರಾನ್ಸ್‌ಮಿಟರ್ ತಾನೇ ರಡ್ಡರ್ ಸೇರಿಸುವುದು) ಆಫ್ ಇರಲಿ. ಲಿಂಕ್ (ಸರ್ವೋದಿಂದ ಸ್ಲೈಡರ್ ಕಡೆಗೆ ಹೋಗುವ ಕಡ್ಡಿ) ಉದ್ದ ಹೊಂದಿಸೋದಿದ್ದರೆ ರೇಟ್ ಮೋಡ್‌ಗೆ (ಸ್ಟಿಕ್ ಬಿಟ್ಟರೆ ಸರ್ವೋ ನಡುವಿಗೆ ಬರುವ ಮೋಡ್) ಹಾಕಿಕೊಂಡು, ಸರ್ವೋ ಆರ್ಮ್ ಲಿಂಕಿಗೆ 90 ಡಿಗ್ರಿ ಇರುವ ಹಾಗೆ ಹೊಂದಿಸಿ. ಗೇನ್ (ಗೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನೋ ಸೆಟ್ಟಿಂಗ್) ಆಮೇಲಿನ ಮಾತು. ಟೇಲ್ ಪಟಪಟ ಅಲ್ಲಾಡಿದರೆ ಗೇನ್ ಜಾಸ್ತಿಯಾಗಿದೆ, ಸ್ವಲ್ಪ ಸ್ವಲ್ಪವೇ ಇಳಿಸಿ.

ಯಾರ ಹತ್ತಿರ ಕೊಂಡರೂ "ಟೇಲ್ ಸರ್ವೋ ಬದಲಾಯಿಸಿದ್ದೀರಾ?" ಅಂತ ನೇರವಾಗಿ ಕೇಳಿ. ಮೂತಿ ತಿರುಗಿಸುವ ಪರೀಕ್ಷೆಯನ್ನು ಅವರ ಕೈಯಲ್ಲೇ, ನಿಮ್ಮ ಕಣ್ಣೆದುರು ಮಾಡಿಸಿ. ದುಡ್ಡು ಕೊಡೋದು ಅದಾದ ಮೇಲೆ. ಮಾಡಲು ಹಿಂದೇಟು ಹಾಕಿದರೆ ಬೇರೆ ಹೆಲಿಕಾಪ್ಟರ್ ನೋಡಿಕೊಳ್ಳಿ.