ಮೈಸೂರು–ಮಂಡ್ಯದ ಅಧ್ಯಯನಗಳನ್ನು ಪಬ್‌ಮೆಡ್‌ನಲ್ಲಿ ಹುಡುಕುವ ಮೂರು ದಾರಿಗಳು

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಗರ್ಭಿಣಿಯರ ರಕ್ತಹೀನತೆಯನ್ನು ಕುರಿತು ಇದುವರೆಗೆ ಪ್ರಕಟವಾದ ಅಧ್ಯಯನಗಳನ್ನೆಲ್ಲ ಹುಡುಕಿಕೊಡಬೇಕೆಂದು ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಮೈಸೂರಿನ ನಮ್ಮ ವೈದ್ಯಕೀಯ ಗ್ರಂಥಾಲಯಕ್ಕೆ ಬಂದಿದ್ದರು. ವೈದ್ಯಕೀಯ ಲೇಖನಗಳ ವಿವರ ಮತ್ತು ಸಾರಾಂಶಗಳನ್ನು ಹುಡುಕಿಕೊಡುವ ಪಬ್‌ಮೆಡ್ ಎಂಬ ಅಂತರ್ಜಾಲ ಕೋಶದಲ್ಲಿ ಕಾಯಿಲೆಯ ಹೆಸರನ್ನು ಹಿಡಿಯುವುದು ಬೇಗ ಮುಗಿಯಿತು. ಊರನ್ನು ಹಿಡಿಯುವುದಕ್ಕೆ ಎರಡು ವಾರ ಬೇಕಾಯಿತು. ಹಳೆಯ ಪ್ರಬಂಧಗಳ ಉಲ್ಲೇಖಪಟ್ಟಿಗಳಿಂದ ಈ ಎರಡು ಜಿಲ್ಲೆಗಳಿಗೆ ಖಚಿತವಾಗಿ ಸೇರಿದ 40 ಲೇಖನಗಳನ್ನು ಕೈಯಾರೆ ಆರಿಸಿ ಅಳತೆಗೋಲಾಗಿ ಇಟ್ಟುಕೊಂಡೆ. ಪ್ರತಿ ದಾರಿಯೂ ಇವುಗಳಲ್ಲಿ ಯಾವುದನ್ನು ಕೈಬಿಡುತ್ತದೆ, ಜೊತೆಗೆ ಎಷ್ಟು ಜೊಳ್ಳನ್ನು ತರುತ್ತದೆ ಎಂಬುದನ್ನು ನೋಡುವುದು ನನ್ನ ಉದ್ದೇಶವಾಗಿತ್ತು.

ಮೊದಲು, ಲೇಖನಗಳಿಗೆ ವಿಷಯವನ್ನು ಸೂಚಿಸುವ ಶೀರ್ಷಿಕೆಗಳನ್ನು ಕೊಡಲು ಬಳಸುವ ಮೆಶ್ ಪದಕೋಶವನ್ನು ಪ್ರಯತ್ನಿಸಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಿಂದ ನಡೆಸಿಕೊಂಡು ಬಂದಿರುವ ಈ ಕೋಶದಲ್ಲಿ ಅಮೆರಿಕದ ರಾಜ್ಯಗಳಿಗೆ ಪ್ರತ್ಯೇಕ ಶೀರ್ಷಿಕೆಗಳಿವೆ, ಆದರೆ ಕರ್ನಾಟಕಕ್ಕೆ ಇಲ್ಲ. ನಮಗೆ ಸಿಗುವುದು ‘ಇಂಡಿಯಾ’ ಒಂದೇ. ಇದನ್ನು ಬಳಸಿದರೆ ಇಡೀ ದೇಶದ ರಕ್ತಹೀನತೆ ಮೇಜಿನ ಮೇಲೆ ಬಂದು ಕೂರುತ್ತದೆ. ಅದಕ್ಕಿಂತ ಚಿಂತೆಯ ವಿಷಯವೆಂದರೆ, ಪೂರ್ಣಪಾಠಗಳ ಉಚಿತ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್ ಮೂಲಕ ಮಾತ್ರ ಒಳಬರುವ ಪತ್ರಿಕೆಗಳ ಲೇಖನಗಳಿಗೆ ಮೆಶ್ ಶೀರ್ಷಿಕೆಗಳನ್ನೇ ಕೊಡುವುದಿಲ್ಲ. ನಮ್ಮ ಕಡೆಯ ಸಮುದಾಯ ಆರೋಗ್ಯದ ಬರಹಗಳು ಅಂಥ ಪತ್ರಿಕೆಗಳಲ್ಲಿ ಬರುವುದು ಅಪರೂಪವಲ್ಲವಾದ್ದರಿಂದ ಈ ದಾರಿಯೊಂದನ್ನೇ ನಂಬುವಂತಿಲ್ಲ.

ಎರಡನೆಯದು ಲೇಖಕರ ವಿಳಾಸದಲ್ಲಿ ಊರನ್ನು ಹುಡುಕುವ ದಾರಿ. ಸಂಶೋಧನೆ ನಡೆದ ಜಾಗ ಬೇರೆ, ಸಂಶೋಧಕರು ಕೂತ ಜಾಗ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಂಡಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಜನನ ದಾಖಲೆಗಳನ್ನು ಆಧರಿಸಿ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಹೃದ್ರೋಗದ ಅಧ್ಯಯನವನ್ನು ಪರೀಕ್ಷೆಗೆಂದು ಹುಡುಕಿದರೆ, ಅದರ ವಿಳಾಸ ಇಂಗ್ಲೆಂಡಿನ ಸೌತಾಂಪ್ಟನ್ನಿನದು. 2014ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುವುದರಿಂದ ಇಂಥವು ಕೈತಪ್ಪುತ್ತವೆ. ಇನ್ನೊಂದೆಡೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ನಡೆದ ಕಬ್ಬಿಣಾಂಶದ ಪ್ರಯೋಗಗಳೆಲ್ಲ ಗರ್ಭಿಣಿಯರ ಪಟ್ಟಿಯತ್ತ ನುಗ್ಗುತ್ತವೆ. ಆದರೂ ಈ ದಾರಿಯನ್ನು ಪೂರ್ತಿ ಬಿಡಲು ನನಗೆ ಮನಸ್ಸಾಗಲಿಲ್ಲ. ಸಾರಾಂಶದಲ್ಲಿ ‘ದಕ್ಷಿಣ ಭಾರತದ ಒಂದು ಬೋಧನಾ ಆಸ್ಪತ್ರೆ’ ಎಂದಷ್ಟೇ ಬರೆದು ಊರನ್ನು ಹೇಳದೆ ಬಿಟ್ಟ ಲೇಖನಗಳು ನನ್ನ ನಲವತ್ತರಲ್ಲಿಯೂ ಇದ್ದವು, ಮತ್ತು ಅವು ಸಿಕ್ಕಿದ್ದು ವಿಳಾಸದಿಂದ ಮಾತ್ರ.

ಲೇಖನದ ತಲೆಬರಹ ಮತ್ತು ಸಾರಾಂಶಗಳಲ್ಲಿ ಊರ ಹೆಸರನ್ನೇ ಹುಡುಕುವ ಮೂರನೆಯ ದಾರಿಯಲ್ಲಿ ನಾನು ಹೆಚ್ಚು ದಿನ ಕಳೆದೆ. ಹೆಸರಿನ ಹಿಂದೆ ಇತಿಹಾಸವಿದೆ. 2014ರ ನವೆಂಬರ್ 1ಕ್ಕಿಂತ ಮೊದಲು ಇಂಗ್ಲಿಷಿನಲ್ಲಿ ‘ಮೈಸೋರ್’ ಇದ್ದದ್ದು ಆಮೇಲೆ ‘ಮೈಸೂರು’ ಆಯಿತು. 1973ಕ್ಕಿಂತ ಹಿಂದಿನ ಪ್ರಬಂಧದಲ್ಲಿ ಆ ಹೆಸರು ಕಂಡರೆ ಅದು ಇಡೀ ರಾಜ್ಯವನ್ನು ಸೂಚಿಸಿರಬಹುದು. ಶಿವಮೊಗ್ಗ ಕಡೆಯ ಕ್ಯಾಸನೂರು ಕಾಡಿನ ಕಾಯಿಲೆಯ (ಮಂಗನ ಕಾಯಿಲೆಯ) ಹಳೆಯ ಲೇಖನಗಳು ನನ್ನ ಹುಡುಕಾಟಕ್ಕೆ ಸಿಕ್ಕಿದ್ದು ಹೀಗೆ. 1997ರವರೆಗೆ ಚಾಮರಾಜನಗರವೂ ಮೈಸೂರು ಜಿಲ್ಲೆಯಲ್ಲೇ ಇದ್ದುದರಿಂದ, ಅಂದಿನ ‘ಜಿಲ್ಲೆ’ ಎಂಬುದರಲ್ಲಿ ಕೊಳ್ಳೇಗಾಲವೂ ಸೇರುತ್ತದೆ.

ಎರಡೂ ಕಾಗುಣಿತಗಳು ಒಮ್ಮೆಗೇ ಸಿಗಲೆಂದು ಪದವನ್ನು ಮೊಟಕುಗೊಳಿಸಿ, ಮುಂದೆ ಯಾವ ಅಕ್ಷರ ಬಂದರೂ ಸರಿ ಎಂದು ಸೂಚಿಸುವ ನಕ್ಷತ್ರಚಿಹ್ನೆ ಹಾಕಲು ಹೋದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಸಮಾನವಾಗಿರುವುದು ಮೊದಲ ಮೂರಕ್ಷರ, ಪಬ್‌ಮೆಡ್ ಕೇಳುವುದು ಕನಿಷ್ಠ ನಾಲ್ಕು. ಹಳೆಯ ಕಾಗುಣಿತದ ಐದಕ್ಷರಕ್ಕೆ ನಕ್ಷತ್ರ ಹಾಕಿದರೆ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಯ ‘ಮೈಸೊರೆನ್ಸಿಸ್’ ಎಂಬ ಬಗೆಯನ್ನು ಕುರಿತ ಇರಾನಿನ ಮಲೇರಿಯಾ ಲೇಖನಗಳು ಬರತೊಡಗಿದವು. ಆದ್ದರಿಂದ ನಕ್ಷತ್ರವನ್ನು ಬಿಟ್ಟು ಪ್ರತಿ ಕಾಗುಣಿತವನ್ನೂ ಪೂರ್ತಿ ಬರೆದೆ. ನಂಜನಗೂಡು, ಶ್ರೀರಂಗಪಟ್ಟಣಗಳಿಗೆ ಇಂಗ್ಲಿಷಿನಲ್ಲಿ ಹಲವು ರೂಪಗಳಿರುವುದರಿಂದ ತಾಲ್ಲೂಕುಗಳ ಪಟ್ಟಿಯೇ ಒಂದು ಪುಟವಾಯಿತು. ಮಂಡ್ಯದ ಕಾಗುಣಿತ ಬದಲಾಗಿಲ್ಲವಾದರೂ ಅಲ್ಲಿ ಬಂಡೂರು ಕುರಿ ಅಡ್ಡ ಬರುತ್ತದೆ. ವಿಜ್ಞಾನದ ಬರಹಗಳಲ್ಲಿ ಆ ತಳಿಗೆ ‘ಮಂಡ್ಯ ಕುರಿ’ ಎಂಬ ಹೆಸರೂ ಇದೆ.

ಇಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಗ್ರಂಥಪಾಲಕರು ತಮ್ಮ ದೇಶಕ್ಕಾಗಿ ಮಾಡಿ 2017ರಲ್ಲಿ ಪ್ರಕಟಿಸಿದ ಸೋಸುಸೂತ್ರದಿಂದ, ಅಂದರೆ ಬೇಕಾದ ಲೇಖನಗಳನ್ನಷ್ಟೇ ಸೋಸಿ ತೆಗೆಯುವ ಹುಡುಕುಪದಗಳ ಜೋಡಣೆಯಿಂದ, ಒಂದು ಉಪಾಯ ಕಲಿತೆ. ಅವರು ಬರ್ಮಿಂಗ್‌ಹ್ಯಾಮ್ ಎಂಬ ಹೆಸರನ್ನು ಬರೆದು, ಜೊತೆಗೆ ಅದೇ ಹೆಸರಿನ ಊರಿರುವ ಅಮೆರಿಕದ ಅಲಬಾಮ ರಾಜ್ಯದ ಹೆಸರಿದ್ದರೆ ಬೇಡವೆಂದು ಸೂಚಿಸುತ್ತಾರೆ. ನಾನೂ ಹಾಗೆ ‘ಮಂಡ್ಯ ಕುರಿ’ ಎಂಬ ಜೋಡಿಪದವನ್ನು ಮಾತ್ರ ಹೊರಗಿಟ್ಟೆ. ‘ಕುರಿ’ ಎಂಬ ಪದವನ್ನೇ ಹೊರಗಿಟ್ಟಿದ್ದರೆ, ಇದೇ ಸೂತ್ರವನ್ನು ನಾಳೆ ಯಾರಾದರೂ ಕುರಿಗಾಹಿಗಳ ಬ್ರುಸೆಲ್ಲಾ ಸೋಂಕಿಗೆ ಬಳಸಿದಾಗ ಅವರಿಗೆ ಬೇಕಾದ ಲೇಖನವೇ ಕಾಣದೆ ಹೋಗುತ್ತಿತ್ತು.

ಈ ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಊರ ಹೆಸರುಗಳ ಪಟ್ಟಿಯನ್ನೇ ಆರಿಸುತ್ತೇನೆ. ನಲವತ್ತರಲ್ಲಿ ಹೆಚ್ಚಿನವು ಅದರಲ್ಲೇ ಸಿಕ್ಕವು, ಜೊಳ್ಳೂ ಓದಿ ಮುಗಿಸುವಷ್ಟೇ ಇತ್ತು. ವಿದ್ಯಾರ್ಥಿನಿಗೆ ಕೊಟ್ಟ ಸೂತ್ರದಲ್ಲಿ ಆ ಪಟ್ಟಿ ಮತ್ತು ವಿಳಾಸ ‘ಅಥವಾ’ ಎಂಬ ಕೊಂಡಿಯಿಂದ ಸೇರಿವೆ. ಮೆಶ್‌ನ ‘ಇಂಡಿಯಾ’ವನ್ನು ಕರ್ನಾಟಕ ಇಲ್ಲವೆ ದಕ್ಷಿಣ ಭಾರತ ಎಂಬ ಪದಗಳಿದ್ದಾಗ ಮಾತ್ರ ಒಳಗೆ ಬಿಟ್ಟಿದ್ದೇನೆ. ವಿಳಾಸದಿಂದ ಮಾತ್ರ ಬಂದ ಲೇಖನಗಳನ್ನು ಬೇರೆ ಕಡತದಲ್ಲಿಟ್ಟು, ಪೂರ್ಣಪಾಠ ತೆರೆದು ಅಧ್ಯಯನ ನಡೆದ ಊರನ್ನು ಒಂದೊಂದಾಗಿ ನೋಡುವ ಕೆಲಸವನ್ನು ಅವರು ಈ ವಾರ ಆರಂಭಿಸಿದ್ದಾರೆ.