ಸಿಂಗಪುರ ಸಿಟಿ ಗ್ಯಾಲರಿ: ಕೆಡವಿ ಕಟ್ಟಿದ ಊರನ್ನು ನೋಡುವ ಬಗೆ

ಸಿಂಗಪುರ ಇಂದಿನ ರೂಪಕ್ಕೆ ಬಂದದ್ದು ಹೇಗೆ ಎಂಬ ಕುತೂಹಲವಿರುವವರು ಮ್ಯಾಕ್ಸ್‌ವೆಲ್ ರಸ್ತೆಯ 45ನೇ ನಂಬರಿನ ಕಟ್ಟಡಕ್ಕೆ ಎರಡು ಗಂಟೆ ಮೀಸಲಿಡಬೇಕು. ಅದು ಅಲ್ಲಿನ ನಗರ ಯೋಜನೆ ನೋಡಿಕೊಳ್ಳುವ ಅರ್ಬನ್ ರೀಡೆವಲಪ್‌ಮೆಂಟ್ ಅಥಾರಿಟಿ, ಅಂದರೆ ಯುಆರ್‌ಎ ಕಚೇರಿ. ಊರು ಬೆಳೆದ ಕಥೆ ಹೇಳುವ ಸಿಂಗಪುರ ಸಿಟಿ ಗ್ಯಾಲರಿ ಇರುವುದು ಅದರೊಳಗೇ. ಪ್ರವೇಶ ಉಚಿತ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 9ರಿಂದ ಸಂಜೆ 5ರ ತನಕ ತೆರೆದಿರುತ್ತದೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಇಲ್ಲ.

ಇಲ್ಲಿನ ಜೀವಾಳ ನಗರ ಕೇಂದ್ರದ ಮಾದರಿ. ಅಳತೆ 1:400, ಹಾಗಾಗಿ 100 ಮೀಟರ್ ಕಟ್ಟಡ ಇಲ್ಲಿ 25 ಸೆಂಟಿಮೀಟರ್. ರಾಫಲ್ಸ್ ಪ್ಲೇಸ್ ಸುತ್ತಲಿನ ಮೂರು ಗೋಪುರಗಳನ್ನು ಗಮನಿಸಿ. ಮೂರೂ ಸುಮಾರು 280 ಮೀಟರ್, ಅಂದರೆ ಮಾದರಿಯಲ್ಲಿ ಸುಮಾರು 70 ಸೆಂಟಿಮೀಟರ್. ವಿಮಾನಗಳ ಹಾರಾಟಕ್ಕಾಗಿ ಹಾಕಿದ್ದ ಎತ್ತರದ ಮಿತಿಯನ್ನು ಮೂರೂ ಬಹುತೇಕ ಪೂರ್ತಿಯಾಗಿ ಬಳಸಿಕೊಂಡಿವೆ. ಅವುಗಳ ಬುಡದಲ್ಲೇ ಚೈನಾಟೌನಿನ ತಗ್ಗು ಹೆಂಚಿನ ಮನೆಗಳ ಸಾಲು. ಆ ಎರಡೂ ಅಕ್ಕಪಕ್ಕ ಉಳಿದದ್ದು ಹೇಗೆಂದು ತಿಳಿದುಕೊಂಡು ಹೋದರೆ ಮಾದರಿ ಮಾತಾಡುತ್ತದೆ, ಇಲ್ಲದಿದ್ದರೆ ಅದು ಬರೀ ಚೆಂದದ ಆಟಿಕೆ.

1963ರಲ್ಲಿ ವಿಶ್ವಸಂಸ್ಥೆಯ ಮೂವರು ತಜ್ಞರು ಬಂದರು. ಅವರಲ್ಲೊಬ್ಬರು ಓಟೋ ಕೋನಿಗ್ಸ್‌ಬರ್ಗರ್. 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇವರ ಕಟ್ಟಡಗಳಿವೆ. ನಗರ ನವೀಕರಣವೆಂದರೆ ಉಳಿಸುವುದು, ದುರಸ್ತಿ ಮಾಡುವುದು, ಹೊಸದಾಗಿ ಕಟ್ಟುವುದು ಎಂದು ಆ ತಂಡ ಮೂರು ಕೆಲಸ ಹೇಳಿತು. ಸರ್ಕಾರ ಸುಮಾರು ಇಪ್ಪತ್ತು ವರ್ಷ ಒತ್ತು ಕೊಟ್ಟದ್ದು ಮುಖ್ಯವಾಗಿ ಮೂರನೆಯದಕ್ಕೆ.

ಅದಕ್ಕೆ ಕಾರಣಗಳಿದ್ದವು. 1947ರ ಬಾಡಿಗೆ ನಿಯಂತ್ರಣ ಕಾನೂನಿನಿಂದ ಹಳೆ ಮನೆಗಳ ಬಾಡಿಗೆ ಏರಲಿಲ್ಲ, ಮಾಲೀಕರು ದುರಸ್ತಿ ಮಾಡಿಸಲಿಲ್ಲ. ನಿವೇಶನಗಳು ಕಿರಿದು, ಒಡೆಯರು ಹಲವರು. 1966ರ ಭೂಸ್ವಾಧೀನ ಕಾಯ್ದೆ ಆ ತುಂಡುಗಳನ್ನು ಒಟ್ಟುಗೂಡಿಸಿಕೊಟ್ಟಿತು. ಅದೇ ವರ್ಷ ವಸತಿ ಮಂಡಳಿಯೊಳಗೆ ನಗರ ನವೀಕರಣ ವಿಭಾಗ ಹುಟ್ಟಿತು, 1967ರಿಂದ ಜಾಗಗಳನ್ನು ಟೆಂಡರ್ ಮೂಲಕ 99 ವರ್ಷದ ಗುತ್ತಿಗೆಗೆ ಕೊಡತೊಡಗಿತು. ಪೀಪಲ್ಸ್ ಪಾರ್ಕ್ ಕಾಂಪ್ಲೆಕ್ಸ್ ಎದ್ದದ್ದು ಹಾಗೆ. 1974ರ ಏಪ್ರಿಲ್ 1ರಂದು ಆ ವಿಭಾಗವೇ ಯುಆರ್‌ಎ ಆಯಿತು. ಸ್ವಾಧೀನವಾದ ಜಾಗದ ಪರಿಹಾರದ ಮೊತ್ತವನ್ನು 1973ರ ನವೆಂಬರ್ 30ರ ಬೆಲೆಗೆ ಕಟ್ಟಿಹಾಕಿದ ತಿದ್ದುಪಡಿಯೂ ಅದೇ ಕಾಲದ್ದು. ಊರಿನ ಅಂದಕ್ಕೆ ಜಾಗದ ಒಡೆಯರು ತೆತ್ತ ಬೆಲೆ ಅದು. ಕೆಡವಿದ ಬೀದಿಗಳಂತೆ ಇದೂ ಮಾದರಿಯಲ್ಲಿ ಕಾಣುವುದಿಲ್ಲ. ಬೆಂಗಳೂರನ್ನು ಸಿಂಗಪುರ ಮಾಡುವ ಮಾತಾಡುವವರು ಈ ಭಾಗವನ್ನು ಓದಲೇಬೇಕು.

ಮೊದಲ ಕೆಲಸದ, ಅಂದರೆ ಉಳಿಸುವುದರ, ಸರದಿ ತಡವಾಗಿ ಬಂತು. 1989ರಲ್ಲಿ ಯೋಜನಾ ಇಲಾಖೆಯೂ ಯುಆರ್‌ಎಗೆ ಸೇರಿತು, ಚೈನಾಟೌನ್, ಲಿಟಲ್ ಇಂಡಿಯಾ, ಕಂಪೊಂಗ್ ಗ್ಲಾಮ್ ಸೇರಿ 10 ಪ್ರದೇಶಗಳು ಸಂರಕ್ಷಿತವಾದವು. ಈಗ ಸಂರಕ್ಷಿತ ಕಟ್ಟಡಗಳು 7,000ಕ್ಕೂ ಹೆಚ್ಚು. 1973ರ ಗೋಲ್ಡನ್ ಮೈಲ್ ಕಾಂಪ್ಲೆಕ್ಸ್ ಕೂಡ 2021ರಲ್ಲಿ ಈ ಪಟ್ಟಿ ಸೇರಿತು. ನವೀಕರಣಕ್ಕೆಂದು ಕಟ್ಟಿದ್ದೇ ಉಳಿಸಬೇಕಾದ ಪರಂಪರೆಯಾಯಿತು.

ಹೋಗುವ ಮೊದಲು ಯುಆರ್‌ಎಯ ಉಚಿತ ನಕ್ಷೆ ಸೇವೆ 'ಯುಆರ್‌ಎ ಸ್ಪೇಸ್' ತೆರೆಯಿರಿ. ಮಾಸ್ಟರ್ ಪ್ಲಾನ್ ನಕ್ಷೆ ಆರಿಸಿ, ಆರಂಕಿಯ ಪಿನ್‌ಕೋಡ್ ಹಾಕಿ, ನಿವೇಶನದ ಮೇಲೆ ಒತ್ತಿದರೆ ಭೂಬಳಕೆಯ ಜೊತೆಗೆ ಪ್ಲಾಟ್ ರೇಶಿಯೊ ಬರುತ್ತದೆ. ಅದು ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ, ನಮ್ಮ ಎಫ್‌ಎಆರ್ ಇದ್ದ ಹಾಗೆ. 2.8 ಎಂದಿದ್ದರೆ 1,000 ಚದರ ಮೀಟರ್ ಜಾಗದಲ್ಲಿ ಎಲ್ಲ ಮಹಡಿ ಸೇರಿ 2,800 ಚದರ ಮೀಟರ್. ಹಲವರು ಎಡವುವುದು ಇಲ್ಲೇ, ಅದನ್ನು ಮಹಡಿಗಳ ಸಂಖ್ಯೆ ಎಂದುಕೊಳ್ಳುತ್ತಾರೆ. ಎತ್ತರದ ಮಿತಿ, ಸಂರಕ್ಷಣೆಯ ನಿಯಮ ಬೇರೆಯೇ ಇರುತ್ತವೆ, ಅವಕ್ಕೆ ಬೇರೆ ನಕ್ಷೆ ನೋಡಬೇಕು. ನಕ್ಷೆಯ ಅಂಕಿ ಗರಿಷ್ಠ ಮಿತಿಯಷ್ಟೇ, ಕಟ್ಟಲು ಲಿಖಿತ ಅನುಮತಿ ಪಡೆಯಲೇಬೇಕು.